ಮೈಕಿಗೆ ಕೇಳಿಸಿದ ಗುಟ್ಟು

"ಒಂದ್ ನಿಮಿಷ ಮೇಡಮ್, ನಿಲ್ಲಿಸಿ. ಮತ್ತೆ ಬಂತು ನೋಡಿ ಆ ಸದ್ದು."

ಗಾಜಿನ ಆಚೆಯಿಂದ ಅವನ ದನಿ ಹೆಡ್‌ಫೋನಿನೊಳಗೆ ಬಂತು. ಅವಳು ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು, ಏನೂ ಅರಿಯದವಳಂತೆ ತಲೆಯೆತ್ತಿದಳು.

"ಯಾವ ಸದ್ದು?"

"ಗುಳುಗುಳು ಅಂತ. ಪೈಪಲ್ಲಿ ನೀರು ಹೋದ ಹಾಗೆ. ನಿಮಗೆ ಕೇಳಿಸ್ಲಿಲ್ವಾ?"

"ಇಲ್ವಲ್ಲ," ಎಂದಳು. ಸುಳ್ಳು ಹೇಳಿ ಅಭ್ಯಾಸವಿದ್ದವಳಲ್ಲ. ಮುಖ ಕೆಂಪಗಾಗಿದ್ದನ್ನು ಮುಚ್ಚಿಕೊಳ್ಳಲು ಪುಸ್ತಕವನ್ನು ಇನ್ನಷ್ಟು ಮೇಲೆತ್ತಿ ಹಿಡಿದಳು.

ಅದು ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಸ್ಟುಡಿಯೋ. ಓದುವವಳು ಇವಳು, ರೆಕಾರ್ಡ್ ಮಾಡುವವನು ಅವನು. ಆಫೀಸಿನವರೆಲ್ಲ ಅವನನ್ನು ಕಿವಿರಾಯ ಎಂದೇ ಕರೆಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ಯಾರಾದರೂ ಚಪ್ಪಲಿ ಬಿಟ್ಟರೆ ಮೊದಲು ಬಿಟ್ಟದ್ದು ಎಡಗಾಲಿನದೋ ಬಲಗಾಲಿನದೋ ಹೇಳುವ ಆಸಾಮಿ ಎಂದು ತಮಾಷೆ. ಅಂಥವನ ಎದುರಿಗೇ ಹೋಗಿ ಕೂತಿದ್ದಳಲ್ಲ, ಅದನ್ನು ಹಣೆಬರಹ ಅನ್ನದೆ ಇನ್ನೇನನ್ನಬೇಕು!

ಸದ್ದು ಬರುತ್ತಿದ್ದದ್ದು ಅವಳ ಹೊಟ್ಟೆಯಿಂದ.

ಹನ್ನೊಂದು ತಿಂಗಳ ಹಿಂದೆ ಅವಳ ದೊಡ್ಡ ಕರುಳಿನ ಕೊನೆಯಲ್ಲಿದ್ದ ಗೆಡ್ಡೆಯನ್ನು ತೆಗೆದಿದ್ದರು. ಅದರ ಜೊತೆಗೆ ಕೆಳಗಿನ ದಾರಿಯೂ ಹೋಯಿತು. ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಹೊಲಿದು, ಮೇಲೊಂದು ಚೀಲ ಅಂಟಿಸಿದ್ದರು. ಜೀವ ಉಳಿಯಿತು, ಚೀಲವೂ ಉಳಿಯಿತು, ಎರಡೂ ಕೊನೆಯವರೆಗೆ. ಮೊದಮೊದಲು ಆ ತುದಿಯನ್ನು ನೋಡಲಾರದೆ ಅವಳು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಾಗ, ಚೀಲ ಬದಲಿಸುತ್ತಿದ್ದ ಅತ್ತಿಗೆಯೇ ಹೇಳಿದ್ದಳು: "ಕೆಂಪಗೆ, ಗುಂಡಗೆ ಎಷ್ಟು ಮುದ್ದಾಗಿದ್ದಾನೆ ನೋಡೇ ಪುಟ್ಟಿ. ಗುಂಡಣ್ಣ ಅಂತ ಕರೆಯೋಣ." ಮೂವತ್ತಮೂರು ತುಂಬಿದರೂ ಮನೆಯಲ್ಲಿ ಅವಳು ಪುಟ್ಟಿಯೇ.

ಹೀಗೆ ಗುಂಡಣ್ಣ ಮನೆಯ ಮಂದಿಯಲ್ಲಿ ಒಬ್ಬನಾದ. ಪುಟ್ಟಿ ಎಲ್ಲವನ್ನೂ ಕಲಿತಳು. ಅಳತೆಗೆ ಸರಿಯಾಗಿ ಚೀಲದ ಅಂಟುಪಟ್ಟಿಯಲ್ಲಿ ತೂತು ಕತ್ತರಿಸುವುದು, ಸುತ್ತಲಿನ ಚರ್ಮ ಒರೆಸಿ ಒಣಗಿಸುವುದು, ಎಲೆಕೋಸು ಹುರುಳಿಕಾಯಿಗಳನ್ನು ಕಂಡರೆ ದೂರದಿಂದಲೇ ಕೈಮುಗಿಯುವುದು. ವಾಸನೆಯನ್ನು ಚೀಲ ತಡೆಯುತ್ತಿತ್ತು. ಸದ್ದನ್ನು ಮಾತ್ರ ಯಾರೂ ತಡೆಯಲಾರರು. ಬಿಗಿಹಿಡಿದುಕೊಳ್ಳುವ ಸ್ನಾಯುವೇ ಅಲ್ಲಿಲ್ಲ. ಗಾಳಿ ಬಂದಾಗ ಅವನು ಮಾತಾಡುತ್ತಾನೆ, ಅಷ್ಟೆ.

ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಒಂದು ದಿನ ಹಾಗೇ ಆಯಿತು. ಮುಂದಿನ ಬೆಂಚಿನ ಮಕ್ಕಳು ಕಿಸಕ್ಕೆಂದವು. ಮಕ್ಕಳು, ನಗದೆ ಇನ್ನೇನು ಮಾಡುತ್ತವೆ? ಆದರೂ ಪುಟ್ಟಿ ಆ ವಾರವೇ ಕೆಲಸ ಬಿಟ್ಟಳು. ಅದಕ್ಕೂ ಮುಂಚೆ, ಮದುವೆಯ ಮಾತಾಗಿದ್ದವನು ಆಸ್ಪತ್ರೆಗೆ ಎರಡು ಸಲ ಬಂದು, ಮೂರನೆಯ ಸಲ ಫೋನ್ ಮಾಡಿ, ಆಮೇಲೆ ಅದನ್ನೂ ನಿಲ್ಲಿಸಿದ್ದ. ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಕೂತು ಓದುವ ಕೆಲಸವಿದೆ ಎಂದು ಗೊತ್ತಾದಾಗ ಅವಳಿಗೆ ಸ್ವರ್ಗವೇ ಸಿಕ್ಕಂತಾಗಿತ್ತು. ಮೈಕ್ ಎಂಬ ಮಹಾಶಯನನ್ನು ಮಾತ್ರ ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಎರಡು ತಿಂಗಳಿಂದ ಕಿವಿರಾಯ ಆ ಸದ್ದಿನ ಬೆನ್ನು ಬಿದ್ದಿದ್ದ. ಎಸಿ ಬಿಚ್ಚಿದ. ಕುರ್ಚಿಗೆ ಎಣ್ಣೆ ಹಾಕಿದ, ಆಮೇಲೆ ಕುರ್ಚಿಯನ್ನೇ ಬದಲಿಸಿದ. ಮೇಲಿನ ಮಹಡಿಯವರ ಹತ್ತಿರ ಹೋಗಿ, ಹನ್ನೊಂದರಿಂದ ಒಂದು ಗಂಟೆವರೆಗೆ ನಲ್ಲಿ ತಿರುಗಿಸಬೇಡಿ ಎಂದು ಕೇಳಿ ಬೈಸಿಕೊಂಡು ಬಂದ. ಪುಟ್ಟಿಗೆ ಅಯ್ಯೋ ಅನ್ನಿಸುತ್ತಿತ್ತು, ನಗುವೂ ಬರುತ್ತಿತ್ತು. ಬಾಯಿ ಬಿಡಲು ಮಾತ್ರ ಧೈರ್ಯ ಬರುತ್ತಿರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಅವನು ಕಣ್ಣು ಮುಚ್ಚಿಕೊಂಡು ಕೇಳುವುದನ್ನು ನೋಡುವುದು ಅವಳಿಗೆ ಚಟವಾಗಿತ್ತು. ಸಾಲೊಂದು ಚೆನ್ನಾಗಿ ಬಂದರೆ ಅವನ ತುಟಿಯ ಒಂದು ಕೊನೆ ಚೂರೇ ಚೂರು ಮೇಲೇಳುತ್ತಿತ್ತು. ಆಮೇಲೆ ಕಣ್ಣು ತೆರೆದು ಗಾಜಿನ ಮೂಲಕ ನೇರವಾಗಿ ಇವಳನ್ನೇ ನೋಡುತ್ತಿದ್ದ. ಆ ಒಂದು ನೋಟಕ್ಕಾಗಿ ಅವಳು ಮರುದಿನದ ಪುಟಗಳನ್ನು ಮನೆಯಲ್ಲಿ ಮೂರು ಮೂರು ಸಲ ಓದಿಕೊಂಡು ಬರುತ್ತಿದ್ದಳು.

"ನಾಯಕಿ ಅಳೋ ಜಾಗದಲ್ಲಿ ನೀವೂ ಮೂಗೆಳೆದ್ರಿ ಅಲ್ವಾ ಮೇಡಮ್?"

"ಛೇ, ನೆಗಡಿ ಕಣ್ರೀ."

"ನೂರಾ ಹನ್ನೆರಡನೇ ಪುಟಕ್ಕೆ ಮಾತ್ರ ಬರೋ ನೆಗಡೀನಾ?"

"ಎಲ್ಲಾ ಕೇಳಿಸ್ಕೋಬೇಡಿ ನೀವು!"

"ಅದಕ್ಕೇ ಸಂಬಳ ಕೊಡ್ತಾರೆ."

ಹೊಟ್ಟೆ ಖಾಲಿಯಿದ್ದರೆ ಸದ್ದು ಬರಲಾರದೆಂದು ಅವಳು ಬೆಳಗಿನ ತಿಂಡಿ ಬಿಟ್ಟಳು. ಗುಂಡಣ್ಣ ಇನ್ನೂ ಜೋರಾದ. ಅತ್ತಿಗೆ ಆಸ್ಪತ್ರೆಯ ನರ್ಸ್‌ಗೆ ಫೋನ್ ಮಾಡಿ ಕೇಳಿದರೆ, ಉಪವಾಸವಿದ್ದರೆ ಬರೀ ಗಾಳಿ ತುಂಬಿಕೊಳ್ಳುತ್ತದೆ, ಸ್ವಲ್ಪ ಸ್ವಲ್ಪವಾಗಿ ಹೊತ್ತಿಗೆ ಸರಿಯಾಗಿ ತಿನ್ನಲಿ, ನಿಧಾನವಾಗಿ ಅಗಿಯಲಿ ಎಂದಳಂತೆ. "ಕೇಳಿಸ್ಕೊಂಡ್ಯಾ? ನಿನ್ನ ಬುದ್ಧಿಗಿಷ್ಟು!" ಎಂದು ಅತ್ತಿಗೆ ತಟ್ಟೆಯನ್ನು ಮುಂದೆ ತಳ್ಳಿದಳು.

ಆ ಬುಧವಾರ ರೆಕಾರ್ಡಿಂಗ್ ಮುಗಿದ ಮೇಲೆ ಕಿವಿರಾಯ ಎಂದಿನಂತೆ ತಮಾಷೆ ಮಾಡಲಿಲ್ಲ. ಅವಳನ್ನು ಗಾಜಿನ ಆಚೆಗೆ ಕರೆದು, ತನ್ನ ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟ.

"ಇದೊಂದು ತುಣುಕು ಕೇಳಿ ಮೇಡಮ್. ನಿಜ ಹೇಳಿ."

ಅವಳದೇ ದನಿ. ಎರಡು ವಾಕ್ಯಗಳ ನಡುವೆ, ಸಣ್ಣಗೆ, ಸ್ಪಷ್ಟವಾಗಿ, ಗುಂಡಣ್ಣ.

"ಏನೂ ಇಲ್ಲ," ಎಂದಳು.

ಅವನು ತಲೆಯಾಡಿಸಿದ. "ಮ್ಯಾನೇಜರೂ ಏನೂ ಇಲ್ಲ ಅಂದ್ರು. ಅವರ ಕಿವಿ ಹತ್ರ ತಮಟೆ ಬಡಿದ್ರೂ ಅಷ್ಟೇ, ಅದಕ್ಕೆ ನಾನು ತಲೆ ಕೆಡಿಸ್ಕೊಳ್ಳಲಿಲ್ಲ. ನಿಮ್ಮ ಕಿವಿ ಮೇಲೆ ನನಗೆ ನಂಬಿಕೆ ಇದೆ. ಸ್ಕ್ರೀನ್ ಮೇಲೆ ಗೆರೆ ಅಲ್ಲಾಡುತ್ತೆ, ಆದ್ರೆ ಈಗ ನನ್ನ ಕಣ್ಣನ್ನೂ ನಂಬೋಕಾಗ್ತಿಲ್ಲ. ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು. ಇಲ್ಲದ ಸದ್ದು ಕೇಳಿಸೋದು. ಎರಡು ವರ್ಷಕ್ಕೆ ಕಿವೀನೇ ಹೋಯ್ತು." ಅವನು ನಗಲು ನೋಡಿದ, ಆಗಲಿಲ್ಲ. "ಶುಕ್ರವಾರ ಕಿವಿ ಡಾಕ್ಟರ ಹತ್ರ ಹೋಗ್ತೀನಿ. ಸೋಮವಾರದಿಂದ ಬೇರೆಯವರನ್ನ ನೋಡ್ಕೊಳ್ಳಿ ಅಂತ ಮ್ಯಾನೇಜರ್‌ಗೆ ಹೇಳಿಬಿಟ್ಟಿದ್ದೀನಿ."

ಪುಟ್ಟಿ ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು. ಏನಾದರೂ ಹೇಳಬೇಕಿತ್ತು. ಬ್ಯಾಗು ತೆಗೆದುಕೊಂಡು ಹೊರಟುಬಂದಳು.

ಮನೆಯಲ್ಲಿ ಅತ್ತಿಗೆ ಒಗೆದ ಬಟ್ಟೆ ಮಡಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಮಡಚುವುದನ್ನು ನಿಲ್ಲಿಸಿ ಕೇಳಿದಳು: "ಅಲ್ವೇ ಪುಟ್ಟಿ, ನಿನ್ನ ಹೊಟ್ಟೆ ಮುಚ್ಚಿಕೊಳ್ಳೋಕೆ ಅವನ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲೇ?"

"ಹೇಳಿದ್ರೆ ಇವನೂ ಅವನ ಥರಾನೇ ಮಾತು ನಿಲ್ಲಿಸ್ತಾನೆ ಅತ್ತಿಗೆ."

"ನಿಲ್ಲಿಸ್ಲಿ. ತನ್ನ ಕಿವಿ ಸರಿಯಿದೆ ಅಂತ ತಿಳ್ಕೊಂಡು ನಿಲ್ಲಿಸ್ಲಿ."

ಅತ್ತಿಗೆ ಮತ್ತೆ ಬಟ್ಟೆ ಮಡಚತೊಡಗಿದಳು.

ಗುರುವಾರ ಬೆಳಗ್ಗೆ ಪುಟ್ಟಿ ತಿಂಡಿಯನ್ನು ನಿಧಾನವಾಗಿ ಅಗಿದು ತಿಂದೇ ಹೊರಟಳು. ಕಿವಿರಾಯ ಸ್ಟುಡಿಯೋದಲ್ಲಿ ವೈರುಗಳನ್ನು ಸುತ್ತಿ, ಒಂದೊಂದಕ್ಕೂ ಚೀಟಿ ಅಂಟಿಸುತ್ತಿದ್ದ. ಬರುವವನಿಗೆ ಕಷ್ಟವಾಗಬಾರದಂತೆ.

"ಹೆಡ್‌ಫೋನ್ ಹಾಕ್ಕೊಳ್ಳಿ," ಎಂದು ತನ್ನ ಕೋಣೆಗೆ ಹೋಗಿ ಕೂತಳು. ಎದುರಿಗೆ ನಿಂತು ಹೇಳುವುದು ಅವಳಿಂದಾಗದು. ನಡುವೆ ಗಾಜೊಂದಾದರೂ ಬೇಕಿತ್ತು.

ಅವನು ಅಭ್ಯಾಸಬಲದಿಂದ ಬಟನ್ ಒತ್ತಿದ. ಕೆಂಪು ದೀಪ ಹತ್ತಿತು. ಪುಟ್ಟಿ ಪುಸ್ತಕ ತೆರೆಯಲೇ ಇಲ್ಲ.

"ನಿಮ್ಮ ಕಿವಿಗೆ ಏನೂ ಆಗಿಲ್ಲ. ಆ ಸದ್ದು ನಂದು," ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಗೆಡ್ಡೆ, ಆಪರೇಷನ್, ಚೀಲ, ಗುಂಡಣ್ಣ, ಬೆಂಚಿನ ಮಕ್ಕಳು, ಫೋನ್ ನಿಲ್ಲಿಸಿದವನು. ಇದು ಸ್ವಲ್ಪ ದಿನದ ಮಾತಲ್ಲ, ಸಾಯುವವರೆಗೂ ಹೀಗೇ ಎಂಬುದನ್ನೂ ಬಿಡಲಿಲ್ಲ. ಕಿವಿರಾಯ ಎಂದಿನಂತೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ರೆಪ್ಪೆಯ ಅಡಿಯಿಂದ ಒಂದು ಹನಿ ಇಳಿಯಿತು.

"ಹಾಗಾದ್ರೆ ನನ್ನ ಕಿವಿ ಚೆನ್ನಾಗಿದೆ," ಎಂದ.

ಪುಟ್ಟಿಗೆ ಸಿಟ್ಟೇ ಬಂತು. "ನಾನು ಇಷ್ಟೆಲ್ಲಾ ಹೇಳಿದ್ರೆ ನಿಮಗೆ ನಿಮ್ಮ ಕಿವಿದೇ ಚಿಂತೆನಾ?"

"ಮತ್ತೆ? ಎಸೀನ ನಾಲ್ಕು ಸಲ ಬಿಚ್ಚಿದ್ದೀನಿ ಕಣ್ರೀ! ಮೇಲಿನ ಮನೆಯವರ ಹತ್ರ ಉಗಿಸ್ಕೊಂಡಿದ್ದೀನಿ. ನಿನ್ನೆ ಅಪ್ಪನ ಮುಂದೆ ಕೂತ್ಕೊಂಡು ಕೈಸನ್ನೆ ಕಲೀತಿದ್ದೆ." ಅವನ ದನಿಯಲ್ಲಿ ನಿಜವಾದ ಕೋಪವಿತ್ತು, ನೋವೂ ಇತ್ತು. "ಒಂದ್ ಮಾತು ಹೇಳಬಾರ್ದಿತ್ತಾ? ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವಾ?"

"ತಪ್ಪು ನಂದೇ. ದೊಡ್ಡ ತಪ್ಪು." ಅವಳು ತಲೆ ತಗ್ಗಿಸಿದಳು. "ಆದ್ರೆ ನಂಬಿಕೆ ಇಲ್ದೇ ಅಲ್ಲ. ಬೇರೆ ಯಾರಿಗಾದ್ರೂ ನನ್ನ ಕಂಡ್ರೆ ಅಸಹ್ಯ ಆಗ್ಲಿ, ತಡ್ಕೋತೀನಿ. ನಿಮಗೆ ಆಗ್ಬಾರ್ದು ಅಂತ..."

ಮಾತು ಬಾಯಿಂದ ಜಾರಿದ ಮೇಲೆಯೇ ಅವಳಿಗೆ ತಾನು ಏನು ಹೇಳಿದೆನೆಂಬುದು ಹೊಳೆದದ್ದು. ಥಟ್ಟನೆ ನಾಲಿಗೆ ಕಚ್ಚಿಕೊಂಡಳು.

ಗಾಜಿನ ಆಚೆ ಕಿವಿರಾಯ ಎದ್ದು ನಿಂತ. ಹೆಡ್‌ಫೋನ್ ತೆಗೆದಿಟ್ಟ. ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು. ದೀಪ ಹತ್ತಿರುವಾಗ ಅವನು ಆ ಕೋಣೆಗೆ ಕಾಲಿಟ್ಟದ್ದೇ ಇಲ್ಲ. ಬಂದವನು ಅವಳ ಎದುರಿಗೆ ಮಂಡಿಯೂರಿ ಕೂತು ಕೇಳಿದ.

"ಬೇರೆ ಯಾರಿಗಾದ್ರೂ ಆಗ್ಲಿ, ನನಗೆ ಯಾಕೆ ಆಗ್ಬಾರ್ದು?"

"ಬಿಡಿಸಿ ಹೇಳ್ಬೇಕಾ?"

"ಹೂಂ. ಬಿಡಿಸೇ ಹೇಳಿ. ನಾನು ಎರಡು ತಿಂಗಳಿಂದ ನೂರು ಥರ ಯೋಚಿಸಿ, ಹೇಳೋಕಾಗ್ದೇ ಬರೀ ವೈರು ಸುತ್ತುತ್ತಾ ಇದ್ದೀನಿ. ಪುಣ್ಯ ಕಟ್ಕೊಳ್ಳಿ."

ಅವಳು ಉಸಿರೆಳೆದುಕೊಂಡಳು. ಬಾಯಿ ತೆರೆದಳು. ಸರಿಯಾಗಿ ಅದೇ ಗಳಿಗೆಯಲ್ಲಿ, ಆ ನಿಶ್ಶಬ್ದ ಕೋಣೆಯ ತುಂಬ ಕೇಳುವಂತೆ, ಗುಂಡಣ್ಣ ಉದ್ದಕ್ಕೆ ಒಂದು ರಾಗ ಎಳೆದ.

ಪುಟ್ಟಿ ಎರಡೂ ಕೈಗಳಿಂದ ಹೊಟ್ಟೆ ಒತ್ತಿ ಹಿಡಿದು, ಭೂಮಿ ಬಾಯಿ ಬಿಡಬಾರದೇ ಎಂಬಂತೆ ಕುಗ್ಗಿದಳು. ಆಮೇಲೆ ಮೆಲ್ಲಗೆ ಕಣ್ಣೆತ್ತಿದಳು. ನೋಡಿದರೆ, ಕಿವಿರಾಯ ಕೂತಲ್ಲಿಂದ ಒಂದಿಂಚೂ ಕದಲಿರಲಿಲ್ಲ. ಮುಖವನ್ನೂ ತಿರುಗಿಸಿರಲಿಲ್ಲ.

"ಹೇಳಿ ಮುಗಿಸಿ ನೀವು," ಎಂದ. "ಮಧ್ಯೆ ಬಾಯಿ ಹಾಕೋರು ಎಲ್ಲರ ಮನೇಲೂ ಒಬ್ರು ಇರ್ತಾರೆ. ನಮ್ಮನೇಲೂ ಇರ್ಲಿ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಹೊಟ್ಟೆಯ ಮೇಲಿದ್ದ ಕೈ ತೆಗೆದು ಅವನ ಕೈ ಹಿಡಿದುಕೊಂಡು, ಹೇಳಬೇಕಾದ್ದನ್ನು ಪೂರ್ತಿ ಹೇಳಿದಳು.