ಅಂಗಡಿ ಅವಳದು, ನಂಬರ್ ಯಾರದು?

"ನಿಮ್ಮ ಅಂಗಡಿಯವನು ನಮ್ಮ ಮನೆ ಕೀಲಿ ಇಟ್ಕೊಂಡಿದ್ದಾನೆ. ಅದನ್ನ ಈಗಲೇ ವಾಪಸ್ ಕೊಡಿ!"

ಅಪ್ಪನನ್ನು ಒಳಗೆ ಕೂರಿಸಿ ಅವಳು ಶಟರನ್ನು ಇನ್ನೂ ಅರ್ಧಕ್ಕೆ ಎತ್ತಿದ್ದಳಷ್ಟೆ. ಅದರ ಕೆಳಗೆ ಬಗ್ಗಿ ಒಳಗೆ ನುಗ್ಗಿದವನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ಗೋಡೆ ತುಂಬ ತೂಗುಹಾಕಿದ್ದ, ಇನ್ನೂ ಹಲ್ಲು ಕೊರೆಯದ ಖಾಲಿ ಕೀಲಿಗಳು ಅವನ ಭುಜ ತಾಗಿ ಕಿಣಿಕಿಣಿ ಎಂದವು.

"ನಮ್ಮ ಅಂಗಡಿಯವನಾ? ಯಾವನು?"

"ನಾಟಕ ಬೇಡ ರೀ. ಎದುರು ಸಾಲಿನ ಮಹಡಿ ಮನೆಗೆ ನಾವು ಹೊಸದಾಗಿ ಬಂದವರು. ಮೊನ್ನೆ ಸಂಜೆ ಅಮ್ಮ ಹೊರಗಿದ್ದಾಗ ಬಾಗಿಲು ಬಡಿದು ತಾನೇ ಲಾಕ್ ಆಯ್ತು. ನಿಮ್ಮ ಶಟರ್ ಇಳಿದಿತ್ತು, ಅದಕ್ಕೆ ಫೋನಲ್ಲಿ ಹುಡುಕಿ ನಿಮ್ಮ ಅಂಗಡಿಗೇ ಕರೆ ಮಾಡಿದ್ರು. ಬಂದವನು ಡ್ರಿಲ್ ಹಾಕಿ ಬೀಗ ಒಡೆದ, ಹೊಸದು ಹಾಕಿ ಹೋದ. ನಿನ್ನೆ ಮಧ್ಯಾಹ್ನ ಅಮ್ಮ ಮಲಗಿ ಎದ್ರೆ..."

ಅವನ ದನಿ ತಗ್ಗಿತು.

"ಬಾಗಿಲು ಪೂರ್ತಿ ತೆರೆದಿತ್ತು. ಏನೂ ಕಳುವಾಗಿಲ್ಲ. ಒಂದು ಕುರ್ಚಿ ಮಾತ್ರ ಕಿಟಕಿ ಕಡೆ ತಿರುಗಿತ್ತು... ಯಾರೋ ಕೂತು ಎದ್ದು ಹೋದ ಹಾಗೆ."

ಮೂಲೆಯ ಸ್ಟೂಲಿನ ಮೇಲಿದ್ದ ಅವಳ ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಇಡುವಾಗ ಅದು ಮೇಜಿಗೆ ಟಕಟಕ ಬಡಿಯಿತು. ಆ ಕೈ ನಡುಗತೊಡಗಿ ಬಹಳ ಕಾಲವಾಗಿತ್ತು.

"ಇಲ್ಲಿರೋದು ನಾನು, ನಮ್ಮಪ್ಪ, ಇಬ್ಬರೇ," ಎಂದಳು ಅವಳು. "ಅಪ್ಪ ಈಗ ಕೆಲಸ ಮಾಡಲ್ಲ. ನಾನು ತಂತಿಯಲ್ಲಿ ಬೀಗ ತೆಗೀತೀನಿ, ಡ್ರಿಲ್ ಮುಟ್ಟಲ್ಲ. ಮತ್ತೆ, ಗಿರಾಕಿಯ ಕೀಲಿ ಈ ಅಂಗಡಿಯಲ್ಲಿ ಒಂದು ರಾತ್ರಿನೂ ಉಳಿಯಲ್ಲ. ಅಪ್ಪನ ಕಾಲದಿಂದ ಅದೊಂದು ನಿಯಮ."

"ಹಾಗಾದ್ರೆ ಇದು ಯಾರ ನಂಬರ್?"

ಅವನು ಫೋನು ತೋರಿಸಿದ. ಅವಳ ಅಂಗಡಿಯ ಹೆಸರು. ಅವಳ ಅಂಗಡಿಯ ಫೋಟೋ. ಕೆಳಗೊಂದು ನಂಬರ್.

ಅದು ಅವಳದಲ್ಲ!

ಅವನು ಅದನ್ನೇ ಒತ್ತಿ ಸ್ಪೀಕರಿಗೆ ಹಾಕಿದ. ಕರೆ ಹೋಗುತ್ತಿತ್ತು. ಮೇಜಿನ ಮೇಲಿದ್ದ ಅವಳ ಫೋನು ಮಾತ್ರ ಸುಮ್ಮನೆ ಬಿದ್ದಿತ್ತು. ಮೂವರೂ ಅದನ್ನೇ ನೋಡುತ್ತಿದ್ದರು.

"ಹಲೋ... ಬೀಗದಂಗಡಿ," ಎಂದಿತು ಒಂದು ಗಂಡು ದನಿ, ಬೆಣ್ಣೆಯಂತೆ ಮೆತ್ತಗೆ. "ಎಲ್ಲಿಗೆ ಬರಬೇಕು?"

ಅವನು ತಟ್ಟನೆ ಕರೆ ಕತ್ತರಿಸಿದ. ಅವರಿಬ್ಬರೂ ಮೊದಲ ಬಾರಿಗೆ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದ್ದು ಆಗಲೇ.

"ಕ್ಷಮಿಸಿ," ಎಂದ ಅವನು. "ತಪ್ಪು ಜಾಗದಲ್ಲಿ ಕಿರುಚಾಡಿಬಿಟ್ಟೆ."

"ಪರವಾಗಿಲ್ಲ. ಆದರೆ ಆ ಬೀಗ ಇವತ್ತೇ ಬದಲಾಯಿಸಬೇಕು. ನಾನೇ ಬರ್ತೀನಿ."

"ಅಮ್ಮ ಈ ಅಂಗಡಿಯವರನ್ನ ಹೊಸಿಲು ದಾಟಿಸಲ್ಲ. ಯಾವ ಬೀಗದವರನ್ನೂ ಸೇರಿಸಲ್ಲ. ಒಳಗಿಂದ ಚಿಲಕ ಹಾಕ್ಕೊಂಡು ಕೂತಿದ್ದಾರೆ."

ಅಪ್ಪ ಮೆಲ್ಲಗೆ ಹೇಳಿದರು: "ಹೀಗೆ ಬಂದು ಬೈದವರಲ್ಲಿ ನೀನು ಮೊದಲನೆಯವನಲ್ಲಪ್ಪಾ. ಯಾಕೆ ಅಂತ ಇವತ್ತೇ ಗೊತ್ತಾಗಿದ್ದು. ಪುಟ್ಟೀ, ಇನ್ನೊಬ್ಬರು ಬಂದ್ರೆ ನಾನೇ ಶಟರ್ ಎಳೆದುಬಿಡ್ತೀನಿ. ಬೀಗದವರ ಮೇಲೆ ನಂಬಿಕೆ ಹೋದ ಮೇಲೆ ಅಂಗಡಿ ಇಟ್ಕೊಂಡು ಏನು ಮಾಡೋದು?"

ಈ ಅಂಗಡಿ ಬಿಟ್ಟರೆ ಅವಳಿಗೆ ಬೇರೇನು ಗೊತ್ತಿತ್ತು?

"ಎಳೀಬೇಡಿ ಅಂಕಲ್," ಎಂದ ಅವನು. "ನನ್ನ ಕೆಲಸಾನೇ ಇದು. ಜನ ಇಂಟರ್ನೆಟ್ಟಲ್ಲಿ ಏನಾದ್ರೂ ಹುಡುಕಿದಾಗ ಅಂಗಡಿಗಳು ಮೊದಲ ಪುಟದಲ್ಲೇ ಕಾಣೋ ಹಾಗೆ ಮಾಡ್ತೀನಿ. ನಿಮ್ಮ ಅಂಗಡಿಯ ಪುಟಕ್ಕೆ ಯಜಮಾನರೇ ಇಲ್ಲ. ಯಾರೂ ಇದು ನಮ್ಮದು ಅಂತ ಹೇಳ್ಕೊಂಡಿಲ್ಲ. ಹಾಗೆ ಬಿಟ್ಟರೆ ದಾರಿಲಿ ಹೋಗೋನೂ ನಂಬರ್ ಬದಲಾಯಿಸಬಹುದು."

"ಅಂದ್ರೆ ಅಂಗಡಿಗೆ ಬೀಗ ಹಾಕಿದೀವಿ, ಹೆಸರಿಗೆ ಹಾಕಿಲ್ಲ," ಎಂದಳು ಅವಳು.

"ಅಷ್ಟೇ. ನಿಮ್ಮನ್ನ ಮೊದಲ ಪುಟಕ್ಕೆ ತರೋದು ನನ್ನ ಜವಾಬ್ದಾರಿ."

"ಆಯ್ತು, ಮೊದಲ ಪುಟ ಅವರೇ," ಎಂದಳು. ಆ ಹೆಸರು ಅವನಿಗೆ ಅಲ್ಲೇ ಅಂಟಿಕೊಂಡಿತು.

ಪುಟ ಕೈಗೆ ಬರಬೇಕೆಂದರೆ ಹುಡುಕಾಟದ ಕಂಪನಿಗೆ ಅಂಗಡಿ ತನ್ನದೇ ಎಂದು ತೋರಿಸುವ ವಿಡಿಯೋ ಕಳಿಸಬೇಕಿತ್ತು. ಬೀದಿ, ಬೋರ್ಡು, ಆಮೇಲೆ ತನ್ನ ಕೈಯಿಂದಲೇ ಶಟರಿನ ಬೀಗ ತೆಗೆಯುವುದು. ಮರುದಿನ ಬೆಳಿಗ್ಗೆ ಅವನು ಫೋನು ಹಿಡಿದು ನಿಂತ. ಅವಳು ಕೀಲಿ ತೂರಿಸಿದಳು. ಅದು ಜಾರಿತು. ಮತ್ತೆ ತೂರಿಸಿದಳು. ಮತ್ತೆ ಜಾರಿತು!

"ಬೀಗದವರಿಗೇ ಬೀಗ ತೆಗೆಯಕ್ಕಾಗ್ತಿಲ್ವಾ?"

"ಅವರಿಗೆ ಬೇಕಿರೋದು ಕೈ ತಾನೆ? ನೀವ್ಯಾಕೆ ಆಗಿನಿಂದ ಮುಖಾನೇ ಹಿಡೀತಿದೀರಿ?"

"ಓ... ಹೌದಲ್ವಾ."

ಅವನ ಕಿವಿ ಕೆಂಪಾಯಿತು. ಅವಳು ತಿರುಗಿ ನಿಂತು ತುಟಿ ಕಚ್ಚಿ ನಗು ತಡೆದಳು. 'ಅಯ್ಯೋ ಹುಚ್ಚೀ, ಇದಕ್ಕೆಲ್ಲ ಈಗ ಹೊತ್ತಾ?'

ಆದರೆ ಪುಟ ಕೈಗೆ ಬಂದ ದಿನ ಆ ನಗು ಉಳಿಯಲಿಲ್ಲ. ಅದರಲ್ಲಿ ಯಾರೋ ವಿಮರ್ಶೆಗಳನ್ನು ಬರೆದಿಟ್ಟಿದ್ದರು. ಎಲ್ಲವೂ ಹೊಗಳಿಕೆ, ಎಲ್ಲಕ್ಕೂ ಐದೈದು ನಕ್ಷತ್ರ. ಅವನು ಓದುತ್ತಾ ಹೋದವನು ಒಂದರ ಬಳಿ ನಿಂತುಬಿಟ್ಟ.

"ಓದಿ," ಎಂದಳು.

"ಬೇಡ."

ಅವಳೇ ಫೋನು ಕಿತ್ತುಕೊಂಡು ಓದಿದಳು. 'ಒಳ್ಳೆಯ ಅಂಗಡಿ. ಮಧ್ಯಾಹ್ನ ಅಪ್ಪ ಊಟಕ್ಕೆ ಹೋದ ಮೇಲೆ ಹುಡುಗಿ ಒಬ್ಬಳೇ ಇರುತ್ತಾಳೆ. ತಲೆ ಎತ್ತದೆ ಕೆಲಸ ಮಾಡುತ್ತಾಳೆ.'

ಅಂದಿನಿಂದ ಅವಳು ತಲೆ ಎತ್ತಿಯೇ ಕೆಲಸ ಮಾಡತೊಡಗಿದಳು. ಬೀದಿಯಲ್ಲಿ ನಿಂತ ಪ್ರತಿಯೊಬ್ಬನೂ ತನ್ನನ್ನೇ ನೋಡುತ್ತಿರುವಂತೆ ಕಾಣುತ್ತಿತ್ತು. ಮಧ್ಯಾಹ್ನ ಅಪ್ಪ ಊಟಕ್ಕೆ ಎದ್ದರೆ ಅವನು ಲ್ಯಾಪ್‌ಟಾಪ್ ಹಿಡಿದು ಬಂದು ಆ ಖಾಲಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಬರುವುದಕ್ಕೆ ದಿನಾ ಒಂದು ಕಾರಣವಿರುತ್ತಿತ್ತು.

"ಇವತ್ತೇನು, ಮೊದಲ ಪುಟ?"

"ಜನ 'ಹತ್ತಿರದಲ್ಲಿ ಬೀಗ ತೆಗೆಯುವವರು' ಅಂತ ಹುಡುಕ್ತಾರೆ. ಆ ಮಾತು ನಿಮ್ಮ ಪುಟದಲ್ಲಿ ಸರಿಯಾಗಿ ಕೂರಿಸಬೇಕು."

"ಅದನ್ನ ನಿನ್ನೆನೇ ಕೂರಿಸಿದ್ರಲ್ಲ?"

"ಸರಿಯಾಗಿ ಕೂತಿರಲಿಲ್ಲ."

ಅವಳ ಫೋನು ಈಗ ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಕೆಲಸ ಬರುತ್ತಿತ್ತು. ಅಪ್ಪ ಶಟರಿನ ಮಾತು ಎತ್ತುತ್ತಿರಲಿಲ್ಲ. ಆ ಸ್ಟೂಲಿನ ಕಡೆ ನೋಡಿದಾಗಲೆಲ್ಲ ಎದೆಯಲ್ಲಿ ಏನೋ ಸಡಿಲವಾದಂತಾಗುತ್ತಿತ್ತು...

ಹಾಗಿರುವಾಗಲೇ ಒಂದು ಬೆಳಿಗ್ಗೆ ಅವಳು ತನ್ನ ಅಂಗಡಿಯನ್ನು ತಾನೇ ಹುಡುಕಿದಳು.

ಮೊದಲ ಪುಟ, ಮೊದಲ ಹೆಸರು, ಅವಳದೇ. ಕೆಳಗಿನ ನಂಬರ್ ಮಾತ್ರ ಅವಳದಲ್ಲ. ಹಳೆಯದೂ ಅಲ್ಲ. ಇನ್ನೊಂದು, ಹೊಸದು.

ಪುಟದ ಒಳಗೆ ಹೋಗಿ ನೋಡಿದಳು. ಪುಟದ ಯಜಮಾನರು ಎಂಬಲ್ಲಿ ಅವನ ಹೆಸರಿತ್ತು.

'ನನ್ನ ಕೈಯಿಂದ ಬೀಗ ತೆಗೆಸಿ... ಕೀಲಿ ತಾನಿಟ್ಟುಕೊಂಡ!'

ಅವನು ಬಂದಾಗ ಅವಳು ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು.

"ಇದು ಯಾರ ನಂಬರ್?"

"ಅಯ್ಯೋ, ಹೇಳೋದೇ ಮರೆತೆ. ಅದು ಕರೆ ಎಣಿಸೋ ನಂಬರ್. ಯಾವ ಹುಡುಕಾಟದಿಂದ ಯಾರು ಕರೆ ಮಾಡ್ತಾರೆ ಅಂತ ಗೊತ್ತಾಗಕ್ಕೆ ನಾವು ಎಲ್ಲಾ ಅಂಗಡಿಗೂ..."

"ಯಜಮಾನರ ಜಾಗದಲ್ಲಿ ನಿಮ್ಮ ಹೆಸರು?"

"ಅಭ್ಯಾಸ ರೀ. ಅಂಗಡಿಯವರು ಪಾಸ್‌ವರ್ಡ್ ಮರೀತಾರೆ, ಅದಕ್ಕೆ ನಮ್ಮ ಖಾತೆಯಲ್ಲೇ..."

"ಅಮ್ಮನ ಕಥೆ, ಕುರ್ಚಿ ಕಥೆ... ಅದೂ ಅಭ್ಯಾಸಾನಾ? ನಿಮ್ಮಮ್ಮನ್ನ ನಾನು ಇವತ್ತಿನ ತನಕ ಕಣ್ಣಲ್ಲಿ ನೋಡಿಲ್ಲ!"

ಅವನ ಮುಖ ಬಿಳುಚಿತು.

"ಆ ನಂಬರಿಗೆ ಒಂದೇ ಒಂದು ಸಲ ಫೋನ್ ಮಾಡಿ ನೋಡಿ. ಅಷ್ಟು ಸಾಕು."

"ಹೋಗಿ."

ಅವನು ಹೋದ. ಅವಳು ಅವನ ಕರೆಗಳನ್ನು ತಡೆಹಿಡಿದಳು. ಆ ಹೊಸ ನಂಬರನ್ನು ಒತ್ತಲು ಮನಸ್ಸು ಬರಲಿಲ್ಲ. ಮತ್ತೆ ಆ ಬೆಣ್ಣೆಯ ದನಿ ಕೇಳಿದರೆ? ಅದರ ಹಿಂದೆ ಇವನೇ ಇದ್ದರೆ?

"ಫೋನ್ ಬರ್ತಾನೇ ಇದೆಯಲ್ಲ ಪುಟ್ಟೀ," ಎಂದರು ಅಪ್ಪ. "ಆ ಹುಡುಗ ಮೋಸಗಾರನಾದ್ರೆ ಇಷ್ಟೊಂದು ಜನ ನಿನಗೆ ಹೇಗೆ ಸಿಗ್ತಿದ್ದಾರೆ?"

"ನೀವು ಸುಮ್ನಿರಿ ಅಪ್ಪಾ."

ಅಪ್ಪ ಊಟಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಮಗಳ ಜೊತೆ ಅಂಗಡಿಯಲ್ಲೇ ಡಬ್ಬಿ ಬಿಚ್ಚತೊಡಗಿದರು.

ಅಂಥದ್ದೊಂದು ಮಧ್ಯಾಹ್ನ ಬೈಕೊಂದು ಬಂದು ನಿಂತಿತು. ಇಳಿದವನು ಅಚ್ಚುಕಟ್ಟಾದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಭುಜದಲ್ಲಿ ಭಾರವಾದ ಚೀಲ. ಒಳಗೆ ಬರಲಿಲ್ಲ. ನೆರಳು ಮಾತ್ರ ಅವಳ ಮೇಜಿನ ಮೇಲೆ ಬಿತ್ತು.

"ನಮಸ್ಕಾರ ಮೇಡಂ. ನಿಮ್ಮ ಹೆಸರು ಚೆನ್ನಾಗಿ ಓಡ್ತಿತ್ತು."

ಆ ದನಿ! ಕೀಲಿ ಉಜ್ಜುತ್ತಿದ್ದ ಅವಳ ಕೈಯಲ್ಲಿನ ಅರ ಅಲ್ಲೇ ನಿಂತಿತು.

"ಈಗ ನನಗೆ ಒಂದು ಕರೆನೂ ಬರ್ತಿಲ್ಲ. ಹೊಸ ನಂಬರ್ ಹಾಕ್ಸಿದೀರಲ್ಲ... ಯಾರದು ಮೇಡಂ ಅದು?"

'ಇವನಿಗೂ ಗೊತ್ತಿಲ್ಲ. ಹಾಗಾದರೆ...'

"ಇರಲಿ ಬಿಡಿ. ಊರಲ್ಲಿ ಅಂಗಡಿಗಳು ಬೇಕಾದಷ್ಟಿವೆ," ಎಂದು ಅವನು ನಕ್ಕ. "ಆ ಮಹಡಿ ಮನೆ ಅಮ್ಮನಿಗೆ ಹೇಳಿ, ಕುರ್ಚಿ ಕಿಟಕಿ ಹತ್ರ ಇದ್ರೇನೇ ಚೆಂದ. ಅಲ್ಲಿಂದ ನಿಮ್ಮ ಅಂಗಡಿ ಪೂರ್ತಿ ಕಾಣತ್ತೆ."

ಬೈಕು ಹೊರಟಿತು.

ಹಿಂದೆ ಟಕ್ ಎಂದು ಸದ್ದಾಯಿತು. ಅಪ್ಪ ಫೋನು ಹಿಡಿದು ನಿಂತಿದ್ದರು. "ಕೈ ನಡುಗಿ ಮುಖ ಸರಿಯಾಗಿ ಬಂದಿಲ್ಲ," ಎಂದರು. "ಬೈಕಿನ ನಂಬರ್ ಬಂದಿದೆ ನೋಡು. ನಾನು ಪೊಲೀಸರ ಹತ್ರ ಹೋಗ್ತೀನಿ."

"ಒಂದು ನಿಮಿಷ ಅಪ್ಪಾ. ಆ ಫೋನ್ ಕೊಡಿ."

ಅವಳು ಆ ಹೊಸ ನಂಬರನ್ನು ಒಂದೊಂದೇ ಅಂಕೆ ನೋಡಿಕೊಂಡು ಒತ್ತಿ ಕಿವಿಗಿಟ್ಟಳು. ಕರೆ ಹೋಯಿತು.

ಮೇಜಿನ ಮೇಲೆ, ಅರದ ಪುಡಿಯ ನಡುವೆ, ಅವಳದೇ ಫೋನು ಬಡಿದುಕೊಳ್ಳತೊಡಗಿತು!

ಅವಳು ಅದನ್ನೇ ನೋಡುತ್ತಾ ನಿಂತಳು. ಇಷ್ಟು ದಿನ ಬಂದ ಒಂದೊಂದು ಕರೆಯೂ ಅವನು ಹಾಕಿಕೊಟ್ಟ ದಾರಿಯಲ್ಲೇ ಬಂದಿತ್ತು. ಅವನನ್ನು ಬೈದು ಅಟ್ಟಿದ ಮೇಲೂ ಅವನು ಆ ದಾರಿ ಮುಚ್ಚಿರಲಿಲ್ಲ.

ಚೀಲಕ್ಕೆ ಒಂದು ಹೊಸ ಬೀಗ, ಹತಾರ ತುಂಬಿಕೊಂಡು ಅವಳು ಬೀದಿ ದಾಟಿ ಓಡಿದಳು. ಮಹಡಿ ಮೆಟ್ಟಿಲಿನ ನಡುವೆ, ಬರಿಗಾಲಲ್ಲಿ ಇಳಿದು ಬರುತ್ತಿದ್ದವನು ಎದುರಾದ.

"ಏನೂ ಆಗಿಲ್ಲ ತಾನೆ?! ಕಿಟಕಿಯಿಂದ ನೋಡಿ ಅಮ್ಮ 'ಅವನೇ' ಅಂತ ಕೂಗಿಬಿಟ್ರು..."

"ಫೋನ್ ಮಾಡ್ದೆ," ಎಂದಳು ಏದುಸಿರಲ್ಲಿ. "ಆ ನಂಬರಿಗೆ."

ಅವಳ ಕಣ್ಣು ತುಂಬಿದವು.

"ಬೈಯಿರಿ. ನಾನು ಬೈದಷ್ಟೇ ಬೈಯಿರಿ."

"ಮೊದಲ ದಿನ ನಾನು ಬಂದು ಕಿರುಚಾಡಿದ್ದಕ್ಕೂ ಇದಕ್ಕೂ ಸರಿಹೋಯ್ತು. ತಪ್ಪು ನಂದೂ ಇದೆ. ನಿಮ್ಮ ಹೆಸರಿರಬೇಕಾದ ಜಾಗದಲ್ಲಿ ನನ್ನ ಹೆಸರಿಟ್ಟೆ. ಅವತ್ತು ಸಂಜೇನೇ ಬದಲಾಯಿಸಿದೆ, ನೀವು ನೋಡಿಲ್ಲ."

ಮೇಲಿನಿಂದ ಬಾಗಿಲ ಸಂದಿಯಲ್ಲಿ ಒಂದು ದನಿ ಬಂತು. "ಯಾರೋ ಅದು?"

"ಬೀಗದವರು ಅಮ್ಮಾ."

"ಬೀಗದವರನ್ನ ಸೇರಿಸಲ್ಲ ಅಂದಿದ್ದೆ... ಇರು, ಇವಳೇನಾ? ನೀನು ಊಟ ಬಿಟ್ಟು ಆ ಹಾಳು ಕುರ್ಚಿಯಲ್ಲಿ ಕೂತು ಕಾಯ್ತಿದ್ದದ್ದು ಇವಳನ್ನೇನಾ?"

"ಅಮ್ಮಾ!"

ಚಿಲಕ ಸರಿಯಿತು. ಬಾಗಿಲು ತೆರೆಯಿತು. "ಒಳಗೆ ಬಾಮ್ಮ," ಎಂದರು ಅವನ ತಾಯಿ. "ಬೀಗ ಗಟ್ಟಿದು ಹಾಕು."

ಅವಳು ಹೊಸಿಲ ಬಳಿ ಮಂಡಿಯೂರಿ ಕೆಲಸಕ್ಕೆ ಕೂತಳು. ಆ ಬೈಕಿನವನು ಸಿಗುತ್ತಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ಎಲ್ಲೋ ಇನ್ನೊಂದು ಅಂಗಡಿಯ ಹೆಸರಿನ ಕೆಳಗೆ ಒಂದು ನಂಬರ್ ಮೆಲ್ಲಗೆ ಬದಲಾಗುತ್ತಿರಲೂಬಹುದು. ಕಿಟಕಿಯ ಬಳಿ ಆ ಕುರ್ಚಿ ಹಾಗೇ ಇತ್ತು. ಅವನು ಅದನ್ನು ಎತ್ತಿ ತಂದು ಅವಳ ಪಕ್ಕದಲ್ಲಿಟ್ಟು, ಅದರ ಮೇಲೆ ಅವಳ ಹತಾರದ ಚೀಲ ಇಟ್ಟ.

ಹಳೆಯ ಬೀಗ ಕಳಚಿ ಬಿತ್ತು. ಹೊಸದು ಕೂತಿತು. ಅವಳು ಕೀಲಿಗಳನ್ನು ಅವನ ಅಂಗೈಗೆ ಹಾಕಿದಳು.

"ಇದು ಅಮ್ಮನಿಗೆ, ಇದು ನಿಮಗೆ."

"ಬೀಗದ ಜೊತೆ ಮೂರು ಬರತ್ತಲ್ವಾ?"

"ಬರತ್ತೆ."

"ಮೂರನೇದು?"

ಅವಳು ತಲೆ ಎತ್ತಲಿಲ್ಲ. ಮುಷ್ಟಿ ಮಾತ್ರ ಇನ್ನಷ್ಟು ಬಿಗಿಯಾಯಿತು.

"ಗಿರಾಕಿಯ ಕೀಲಿ ಒಂದು ರಾತ್ರಿನೂ ಇಟ್ಕೊಳ್ಳಲ್ಲ ಅಂದಿದ್ರಿ?" ಎಂದ ಅವನು, ಬಹಳ ಮೆತ್ತಗೆ.

"ಈಗಲೂ ಇಟ್ಕೊಳ್ಳಲ್ಲ," ಎಂದಳು ಅವಳು. "ಗಿರಾಕಿದು. ನೀವು ಗಿರಾಕಿನಾ?"