ಗ್ರಾಫಿನ ಹಿಂಬದಿಯ ರಾಜ

"ಇಲ್ಲೇ ಇಟ್ಟಿದ್ದೆ ಕಣೇ! ಸುತ್ತಿ, ದಾರ ಕಟ್ಟಿ, ಇದೇ ಮೂಲೇಲಿ ಇಟ್ಟಿದ್ದೆ!"

ಅಪ್ಪ ಮೂರನೆಯ ಸಲ ಬೀರುವಿನ ಹಿಂದೆ ಕೈ ಹಾಕಿ ತಡಕಾಡಿದರು. ಹೊರಗೆ ಬಂದದ್ದು ಧೂಳು ಮತ್ತು ಒಂದು ಮುರಿದ ಬಾಚಣಿಗೆ.

"ಸರಿಯಾಗಿ ನೋಡ್ರೀ. ಅಷ್ಟುದ್ದದ ಗ್ರಾಫು, ಅದೇನು ಸೂಜಿನಾ ಕಾಣ್ದೆ ಹೋಗೋಕೆ?" ಎಂದಳು ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಮ್ಮ.

ಬಾಗಿಲ ಬಳಿ ಜಡೆ ಹೆಣೆದುಕೊಳ್ಳುತ್ತಿದ್ದ ಮಾನಸಳ ಕೈ ಅರ್ಧಕ್ಕೇ ನಿಂತಿತು. ಆ ಗ್ರಾಫ್ ಎಲ್ಲಿದೆ ಎಂದು ಅವಳಿಗೆ ಆ ಕ್ಷಣದಲ್ಲಿ ಹೊಳೆದಿತ್ತು. ಅದು ಸ್ಕೂಲಿನಲ್ಲಿ, ಏಳನೇ ಕ್ಲಾಸಿನ ಗೋಡೆಯ ಮೇಲಿತ್ತು. ಅದರ ಹಿಂಬದಿಯಲ್ಲಿ ಒಬ್ಬ ರಾಜ ಕತ್ತಿ ಹಿಡಿದು ನಿಂತಿದ್ದ.

ಅವಳ ಅಪ್ಪ ಆದಿನಾರಾಯಣಪ್ಪ ಸೀರೆಯ ಅಂಚಿಗೆ ಡಿಸೈನ್ ಬರೆಯುವವರು. ದೊಡ್ಡ ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ನವಿಲನ್ನೋ ಬಳ್ಳಿಯನ್ನೋ ಮೂಡಿಸುತ್ತಿದ್ದರು. ಆಮೇಲೆ ಅದರ ಒಂದೊಂದು ಸಾಲನ್ನೂ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದರು. ಒಂದು ಸಾಲಿಗೆ ಒಂದು ಕಾರ್ಡು. ಮಗ್ಗದ ಮೇಲೆ ಏರಿಸಿದರೆ, ಯಾವ ಎಳೆ ಮೇಲೇಳಬೇಕು ಎಂಬುದನ್ನು ಆ ತೂತುಗಳೇ ಹೇಳುತ್ತಿದ್ದವು.

ತೂತು ಹೊಡೆದು ಮುಗಿದ ಸಾಲಿನ ಪಕ್ಕ ಕೆಂಪು ಪೆನ್ಸಿಲಿನ ಒಂದು ಟಿಕ್. ಎಲ್ಲ ಸಾಲಿಗೂ ಟಿಕ್ ಬಿದ್ದ ಹಾಳೆ ಮಕ್ಕಳ ಪಾಲಿಗೆ. ಪುಸ್ತಕಕ್ಕೆ ಬೈಂಡ್ ಹಾಕಬಹುದು, ಹಿಂಬದಿಯಲ್ಲಿ ಚಿತ್ರ ಬರೆಯಬಹುದು. ಅದು ಆ ಮನೆಯ ಕಾನೂನು.

ಮೊನ್ನೆ ಮಾನಸ ಸುರುಳಿಯ ತುದಿ ಬಿಚ್ಚಿ ನೋಡಿದ್ದಳು. ಸಾಲುಸಾಲಿಗೂ ಕೆಂಪು ಟಿಕ್ ಇತ್ತು. ಅರ್ಧ ನೋಡಿದ್ದೇ ಸಾಕೆನಿಸಿತು. ಪೂರ್ತಿ ಬಿಚ್ಚಿದ್ದು ಹಾಳೆಯನ್ನು ಮಗುಚಿ ಹಾಕಿದ ಮೇಲೆಯೇ.

"ಇನ್ನೂರ ಹತ್ತು ಕಾರ್ಡು ಆಗಿತ್ತು. ರಟ್ಟು ಮುಗೀತು ಅಂತ ಮೂರು ದಿನದಿಂದ ಸುತ್ತಿಟ್ಟಿದ್ದೆ. ಇನ್ನೂ ನೂರಾ ಎಂಬತ್ತು ಬಾಕಿ," ಅಪ್ಪ ನೆಲದ ಮೇಲೆ ಕುಸಿದು ಕೂತರು. "ನಾಳೆ ಬೆಳಿಗ್ಗೆ ಪಿಳ್ಳಪ್ಪನವರ ಮಗ್ಗಕ್ಕೆ ಏರಿಸ್ಬೇಕು. ಹೊಸದಾಗಿ ಬರೆಯೋಕೆ ಹದಿನೈದು ದಿನ ಬೇಕು. ಅವ್ರು ಕಾಯ್ತಾರಾ? ಇನ್ಮೇಲೆ ನನ್ ಕೈಗೆ ಒಂದು ಹೂವಿನ ಡಿಸೈನೂ ಕೊಡಲ್ಲ."

ಇದ್ದಕ್ಕಿದ್ದಂತೆ ಅವರ ಕಣ್ಣು ಬಚ್ಚಲುಮನೆಯ ಕಡೆ ಹೊರಳಿತು.

"ಸಂತೋಷ! ಬೆಳಿಗ್ಗೆ ನೀರೊಲೆ ಹಚ್ಚಿದ್ದು ನೀನೇ ತಾನೆ? ಒಲೆಗೆ ಏನೋ ಹಾಕ್ದೆ?"

ಒಂಬತ್ತನೇ ಕ್ಲಾಸಿನ ಸಂತೋಷ್ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಬಂದ. "ಹಳೇ ಪೇಪರ್ರಪ್ಪ. ಮೂಲೇಲಿ ಬಿದ್ದಿತ್ತಲ್ಲ..."

"ಯಾವ ಮೂಲೆ?"

ಸಂತೋಷ್ ಆ ಮೂಲೆ ನೋಡಿದ, ಈ ಮೂಲೆ ನೋಡಿದ. ಅವನ ಮುಖ ಸಪ್ಪಗಾಯಿತು. "ನಿದ್ದೆಗಣ್ಣಲ್ಲಿದ್ದೆ. ಸರಿಯಾಗಿ... ಗೊತ್ತಿಲ್ಲಪ್ಪ."

ಛಟೀರ್ ಎಂದು ಏಟು ಬಿತ್ತು.

ಅಪ್ಪ ಮಕ್ಕಳ ಮೇಲೆ ಕೈ ಮಾಡಿದ್ದನ್ನು ಮಾನಸ ಈವರೆಗೆ ನೋಡಿರಲಿಲ್ಲ. ಅಮ್ಮನ ರಾಟೆ ನಿಂತಿತು. ಪಕ್ಕದ ಮನೆಯ ಮಗ್ಗಗಳ ಸದ್ದು ಮಾತ್ರ ಗೋಡೆ ದಾಟಿ ಬರುತ್ತಿತ್ತು.

"ಇವತ್ತು ಸ್ಕೂಲಿಲ್ಲ ನಿಂಗೆ. ಹುಡುಕು!"

ಮಾನಸ ಬಾಯಿ ತೆರೆದಳು. ಮಾತು ಹೊರಡಲಿಲ್ಲ. 'ಸಂಜೆ ಪೋಸ್ಟರ್ ವಾಪಸ್ ಕೊಡ್ತಾರಲ್ಲ, ಆಗ ಹೇಳಿದರಾಯಿತು' ಎಂದುಕೊಂಡಳು. ಅರ್ಧ ಹೆಣೆದ ಜಡೆಗೆ ಟೇಪು ಸುತ್ತಿ, ಬ್ಯಾಗು ಹೆಗಲಿಗೇರಿಸಿ ಓಡಿಬಿಟ್ಟಳು.

ಕ್ಲಾಸಿನಲ್ಲಿ ಜಾತ್ರೆಯಂಥ ಗಲಾಟೆ. ಗೋಡೆಯ ತುಂಬ ಸಿನಿಮಾ ಪೋಸ್ಟರುಗಳು. ಕನ್ನಡ ಪಾಠದಲ್ಲಿ ಒಂದು ಹಳೆಯ ದುರಂತ ನಾಟಕವಿತ್ತು. 'ಇದನ್ನೇ ಯಾರೋ ಸಿನಿಮಾ ಮಾಡಿದ್ದಾರೆ ಅಂದ್ಕೊಳ್ಳಿ. ಜನ ನಿಂತು ನೋಡೋಂಥ ಪೋಸ್ಟರ್ ಮಾಡ್ಕೊಂಡ್ ಬನ್ನಿ' ಎಂದು ಕೋದಂಡರಾಮಯ್ಯ ಮೇಷ್ಟ್ರು ಇಬ್ಬಿಬ್ಬರಿಗೆ ಒಂದೊಂದು ಪ್ರಾಜೆಕ್ಟ್ ಕೊಟ್ಟಿದ್ದರು. ಗೆದ್ದ ಪೋಸ್ಟರ್ ಸ್ಕೂಲ್ ಡೇ ದಿನ ಗೇಟಿನ ಮೇಲೆ.

ನಾಟಕದ ಕತೆ ಇಷ್ಟೆ. ಒಬ್ಬ ರಾಜ ರಾತ್ರಿ ವೇಷ ಮರೆಸಿಕೊಂಡು ಊರು ಸುತ್ತಲು ಹೋಗುತ್ತಾನೆ. ವಾಪಸ್ ಬಂದವನು ಕೋಟೆಯ ಚಿಕ್ಕ ಬಾಗಿಲಿಗೆ ಅಗಳಿ ಹಾಕುವುದನ್ನು ಮರೆಯುತ್ತಾನೆ. ಶತ್ರುಗಳು ಅಲ್ಲಿಂದಲೇ ನುಗ್ಗುತ್ತಾರೆ. ಹೇಗೋ ಯುದ್ಧ ಗೆದ್ದದ್ದಾಯಿತು. ಆದರೆ ತಪ್ಪು ಮುದಿ ಕಾವಲುಗಾರನ ತಲೆಗೆ ಬರುತ್ತದೆ. ಅವನು ರಾಜನನ್ನು ಎತ್ತಿ ಆಡಿಸಿದವನು. ತುಂಬಿದ ಸಭೆಯಲ್ಲಿ ರಾಜ ಸುಮ್ಮನೆ ಕೂರುತ್ತಾನೆ. ಕಾವಲುಗಾರನಿಗೆ ಮರಣದಂಡನೆಯಾಗುತ್ತದೆ. ಕೊನೆಯ ಅಂಕದಲ್ಲಿ ರಾಜನಿಗೆ ಹುಚ್ಚು ಹಿಡಿಯುತ್ತದೆ.

"ನಮ್ದೇ ಫಸ್ಟು ಕಣೇ!" ಪ್ರಾಜೆಕ್ಟಿನ ಜೊತೆಗಾತಿ ಮೇಘನ ಮಾನಸಳ ಕೈ ಜಗ್ಗಿದಳು. "ಬೇರೆಯವರದ್ದೆಲ್ಲ ನೋಡು, ಡ್ರಾಯಿಂಗ್ ಶೀಟು ಕರ್ಚೀಫಿನಷ್ಟಿದೆ. ನಮ್ದು ನಿಜವಾದ ಟಾಕೀಸಿನ ಪೋಸ್ಟರ್ ಥರಾನೇ ಇದೆ!"

ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ತೆರೆದ ಬಾಗಿಲು'. ನಡುವೆ ಮಾನಸ ಬರೆದ ರಾಜ. ಕೆಳಗೆ ಮೇಘನ ಬರೆದ ಬೆಂಕಿ, ರಕ್ತ, ಎರಡು ಕುದುರೆ. 'ಫೈಟಿಂಗ್ ಇಲ್ದಿದ್ರೆ ಟಿಕೆಟ್ ಯಾರು ತಗೋತಾರೆ?' ಎಂಬುದು ಅವಳ ವಾದ. ಮೂಲೆಯಲ್ಲಿ ಅವಳದೇ ಸೇರ್ಪಡೆ: 'ಯಶಸ್ವಿ 50ನೇ ದಿನ. ದಿನಕ್ಕೆ 4 ಆಟಗಳು.' ರಾತ್ರಿಯ ಆಕಾಶಕ್ಕೆ ಕಪ್ಪು ಬಣ್ಣವನ್ನು ನೀರುನೀರಾಗಿ ಬಳಿದವಳೂ ಅವಳೇ.

ಮಾನಸ ಆ ಕಪ್ಪನ್ನೇ ನೋಡುತ್ತ ನಿಂತಳು. ಅದು ಆಚೆ ಬದಿಗೆ ಎಷ್ಟು ಇಳಿದಿದೆಯೋ?

ಮೇಷ್ಟ್ರು ಒಂದೊಂದೇ ಪೋಸ್ಟರಿನ ಮುಂದೆ ನಿಂತು ಪ್ರಶ್ನೆ ಕೇಳುತ್ತ ಬಂದರು. ಇವರದರ ಮುಂದೆ ತುಂಬ ಹೊತ್ತು ನಿಂತರು.

"ಭೇಷ್. ನಾನಾದ್ರೆ ಬೆಂಚ್ ಟಿಕೆಟ್ಟಾದ್ರೂ ಸರಿ, ತಗೊಂಡು ಹೋಗಿಬಿಡ್ತೀನಿ."

ಕ್ಲಾಸು ನಕ್ಕಿತು. ಮೇಘನ ಮಾನಸಳ ಪಕ್ಕೆಗೆ ತಿವಿದಳು.

"ಈಗ ಹೇಳಿ. ಈ ಕತೆ ದುರಂತ ಆಗದ ಹಾಗೆ ಎಲ್ಲಿ ತಡೀಬಹುದಿತ್ತು?"

"ಅಗಳಿ ಹಾಕಿದ್ರೆ ಮುಗೀತಿತ್ತು ಸಾರ್!" ಎಂದಳು ಮೇಘನ ತಟ್ಟನೆ.

"ಮರೆವು ಯಾರಿಗಿಲ್ಲಮ್ಮ? ಮರೆತಿದ್ದಾಯ್ತು. ಅದಾದ ಮೇಲೆ? ಮಾನಸ, ನೀನು ಹೇಳು."

ಮಾನಸಳಿಗೆ ಉತ್ತರ ಗೊತ್ತಿತ್ತು. ಆದರೆ ಅವಳ ಕಿವಿಯಲ್ಲಿ ಬೆಳಗಿನ ಆ ಏಟಿನ ಸದ್ದೇ ತುಂಬಿತ್ತು. ಸಂತೋಷಣ್ಣ ಎದುರು ಮಾತಾಡಿರಲಿಲ್ಲ. 'ನಾನಲ್ಲ' ಎನ್ನಲೂ ಇಲ್ಲ. ತಾನೇ ಸುಟ್ಟೆನೇನೋ ಎಂದು ನಂಬಿಬಿಟ್ಟಿದ್ದ.

"ಸಾರ್," ಎಂದಳು. "ಈ ಪೋಸ್ಟರ್ ನಂಗೆ ವಾಪಸ್ ಬೇಕು. ಈಗ್ಲೇ."

"ಲೇ! ತಲೆಗಿಲೆ ಕೆಟ್ಟಿದ್ಯೇನೇ ನಿಂಗೆ?" ಮೇಘನ ಚೀರಿದಳು.

"ಮೂರು ಗಂಟೆಗೆ ಹೆಡ್‌ಮಾಸ್ಟರು ನೋಡೋಕೆ ಬರ್ತಾರಲ್ಲಮ್ಮ," ಎಂದರು ಮೇಷ್ಟ್ರು. "ಗೋಡೆ ಮೇಲಿಲ್ಲದ್ದಕ್ಕೆ ಬಹುಮಾನ ಕೊಡೋಕಾಗಲ್ಲ."

"ಇದು ನಮ್ಮಪ್ಪನ ಡಿಸೈನು ಸಾರ್. ನೋಡ್ದೆ ತಂದುಬಿಟ್ಟೆ. ಅಲ್ಲಿ ಅಣ್ಣಂಗೆ..."

ಮೇಷ್ಟ್ರು ಅವಳ ಮುಖ ನೋಡಿದರು. ಮತ್ತೇನನ್ನೂ ಕೇಳದೆ ನಾಲ್ಕು ಡ್ರಾಯಿಂಗ್ ಪಿನ್ನುಗಳನ್ನು ತಾವೇ ಕಿತ್ತರು.

ಮೇಘನ ಬೆನ್ನು ತಿರುಗಿಸಿ ಕೂತಳು. "ನನ್ ಕುದುರೆಗಳೂ ಇದ್ವು ಅದರಲ್ಲಿ," ಎಂದಳು, ಯಾರಿಗೋ ಎಂಬಂತೆ.

ಊಟದ ಬೆಲ್ ಹೊಡೆದ ಕೂಡಲೇ ಅವಳು ಸುರುಳಿಯನ್ನು ಎದೆಗವುಚಿಕೊಂಡು ಓಡಿದಳು. ತಾಲ್ಲೂಕು ಆಫೀಸಿನ ತನಕ ಓಡಿದಳು. ಆಮೇಲೆ ಕಾಲು ನಿಧಾನವಾಯಿತು. ಅವರ ಬೀದಿಯಲ್ಲಿ ಪ್ರತಿ ಮನೆಯ ಮಗ್ಗವೂ ದಡದಡ ಎನ್ನುತ್ತಿತ್ತು.

ಹಿತ್ತಿಲಲ್ಲಿ ಸಂತೋಷ್ ಕುಕ್ಕರಗಾಲಲ್ಲಿ ಕೂತಿದ್ದ. ನೀರೊಲೆಯ ಬೂದಿಯನ್ನೆಲ್ಲ ಗೋಣಿಯ ಮೇಲೆ ಹರಡಿಕೊಂಡಿದ್ದ. ಒಂದು ಕಡ್ಡಿಯಿಂದ ಅದನ್ನು ಕೆದಕುತ್ತ, ಸುಟ್ಟ ಕಾಗದದ ಚೂರುಗಳನ್ನು ಆರಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಚೌಕದ ಗೆರೆ ಕಾಣುತ್ತದೆಯೇ ಎಂದು.

"ಅಣ್ಣ, ಬಿಡು," ಎಂದಳು ಮಾನಸ. "ನೀನು ಸುಟ್ಟಿಲ್ಲ. ನಾನು ತಗೊಂಡೋಗಿದ್ದೆ."

ಸಂತೋಷ್ ಸುರುಳಿಯನ್ನು ನೋಡಿದ. ಅವನ ಕೆನ್ನೆಯ ಮೇಲೆ ಬೂದಿಯ ಗುರುತಿತ್ತು.

"ಬೆಳಿಗ್ಗೆ ಗೊತ್ತಿತ್ತಾ ನಿಂಗೆ?"

ಮಾನಸ ಹೌದೆಂದು ತಲೆಯಾಡಿಸಿದಳು. ಅವನು ಕಡ್ಡಿಯನ್ನು ಬೂದಿಯ ಮೇಲೆಸೆದು ಒಳಗೆ ನಡೆದ.

ಮಾನಸ ಅವನ ಹಿಂದೆಯೇ ಹೋಗಿ ಅಪ್ಪನಿಗೂ ಅದನ್ನೇ ಹೇಳಿ ಸುರುಳಿ ಚಾಚಿದಳು. ಅಪ್ಪ ಗ್ರಾಫನ್ನು ಕಸಿದುಕೊಂಡರು. ಬೈಯಲಿಲ್ಲ. ಬೈಯುವಷ್ಟು ವ್ಯವಧಾನವೂ ಅವರಿಗಿರಲಿಲ್ಲ. ನೇರ ಕಿಟಕಿಯ ಬಳಿ ಹೋಗಿ ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದು, ಬೆರಳಿನಿಂದ ಸಾಲು ಎಣಿಸತೊಡಗಿದರು. ಕಪ್ಪು ಆಕಾಶ ಒಂದು ಕಡೆ ಆಚೆಗೂ ಇಳಿದು, ಚೌಕಗಳನ್ನು ನುಂಗಿಹಾಕಿತ್ತು.

ಮಾನಸ ಅವರ ಬೆರಳಿನ ಜೊತೆಗೇ ಸಾಲು ಎಣಿಸಿದಳು.

"ಹನ್ನೊಂದು," ಎಂದರು ಅಪ್ಪ ಕೊನೆಗೆ. "ಹನ್ನೊಂದು ಸಾಲು ಹೋಗಿದೆ. ಎಡಗಡೆ ಮಾತ್ರ." ಇನ್ನೊಮ್ಮೆ ನೋಡಿದರು. "ನವಿಲು ಎರಡೂ ಕಡೆ ಒಂದೇ ಥರ. ಬಲಗಡೆಯಿಂದ ಓದ್ಕೊಂಡು ಎಡಕ್ಕೆ ಉಲ್ಟಾ ಹೊಡೀಬೋದು. ಕೂತ್ರೆ ಬೆಳಗಾಗೋದ್ರೊಳ್ಗೆ ಮುಗಿಯುತ್ತೆ. ಯಾರಾದ್ರೂ ಸಾಲು ಓದಿ ಹೇಳ್ಬೇಕು."

"ನಾನ್ ಓದ್ತೀನಪ್ಪ," ಎಂದಳು ಮಾನಸ.

"ನಿನ್ ವಿಷ್ಯ ಆಮೇಲೆ." ಅಪ್ಪನ ದನಿ ಗಡುಸಾಗಿತ್ತು. "ಸಂತೋಷ, ಕೈ ತೊಳ್ಕೊಂಡ್ ಬಾ. ಮಸಿ ಕೈಲಿ ಗ್ರಾಫ್ ಮುಟ್ಬೇಡ."

ಸಂತೋಷ್ ಕೈ ತೊಳೆದು ಬಂದು ಹಾಳೆಯ ಮುಂದೆ ಕೂತ. ಅಪ್ಪ ಪಂಚಿಂಗ್ ಮಿಷಿನ್ನಿಗೆ ಒಂದು ಕಾರ್ಡು ಸಿಕ್ಕಿಸಿದರು. ತೆಗೆದರು. ಮತ್ತೆ ಸಿಕ್ಕಿಸಿದರು. ಸಂತೋಷನ ಕೆನ್ನೆಯ ಕಡೆ ನೋಡಿ, ಕಣ್ಣು ಬೇರೆ ಕಡೆ ಹೊರಳಿಸಿದರು.

"ಓದ್ಲಾ ಅಪ್ಪ?" ಎಂದ ಸಂತೋಷ್.

"ತಡಿ." ಅಪ್ಪ ಕೆಂಪು ಪೆನ್ಸಿಲ್ ಎತ್ತಿಕೊಂಡು ಅದರ ಮೊನೆ ನೋಡಿದರು. ಮೊನೆ ಚೂಪಾಗಿಯೇ ಇತ್ತು. ದೂರದಲ್ಲಿ ಸ್ಕೂಲಿನ ಬೆಲ್ ಕೇಳಿಸಿತು. ಊಟದ ಹೊತ್ತು ಮುಗಿದಿತ್ತು. ಮಾನಸ ಕದಲಲಿಲ್ಲ.

ಅಪ್ಪನ ತುಟಿ ಒಮ್ಮೆ ತೆರೆದು ಮುಚ್ಚಿತು. ಅವಳಿಗೆ ಬೆಳಿಗ್ಗೆ ಬಾಗಿಲ ಬಳಿ ತಾನೂ ಹೀಗೇ ಬಾಯಿ ತೆರೆದು ನಿಂತದ್ದು ನೆನಪಾಯಿತು. ಅಷ್ಟು ದೊಡ್ಡವರಾದ ಅಪ್ಪನಿಗೂ ಹಾಗೆ ಆಗುತ್ತದೆಂದು ಅವಳು ಎಣಿಸಿರಲಿಲ್ಲ. ಹೇಳಿಬಿಡಪ್ಪ, ಹೇಳಿಬಿಡು ಎಂದು ಮನಸ್ಸಿನಲ್ಲೇ ಅಂದುಕೊಂಡಳು.

"ನಂದು ತಪ್ಪಾಯ್ತು ಕಣೋ," ಎಂದರು ಅಪ್ಪ. ಪೆನ್ಸಿಲಿಗೆ ಹೇಳಿದ ಹಾಗಿತ್ತು. ಆಮೇಲೆ ತಲೆಯೆತ್ತಿ, ಸಂತೋಷನನ್ನೇ ನೋಡಿ ಇನ್ನೊಮ್ಮೆ ಹೇಳಿದರು. "ಕೇಳ್ದೆ ಮಾಡ್ದೆ ಹೊಡೆದ್ಬಿಟ್ಟೆ."

ಸಂತೋಷ್ ಗ್ರಾಫಿನ ಸುರುಳಿಗಟ್ಟಿದ ಅಂಚನ್ನು ಅಂಗೈಯಿಂದ ಒತ್ತಿ ನೇರ ಮಾಡಿದ. ಆಮೇಲೆ ಪಕ್ಕಕ್ಕೆ ಒಂದಿಷ್ಟು ಸರಿದ, ಮಾನಸ ಕೂರುವಷ್ಟು.

"ಬೆರಳಿಡು ಸಾಲಿನ ಮೇಲೆ," ಎಂದ. "ತಪ್ಪಿದ್ರೆ ಹೇಳು." ಮತ್ತು ಓದತೊಡಗಿದ. "ಎರಡು ಬಿಟ್ಟು ಮೂರು. ಒಂದು ಬಿಟ್ಟು ಐದು..."