ಅಜ್ಜನ ಜೇಬಿನ ಹಾಡು

"ಅಜ್ಜಾ, ಆ ಫೋನ್ ಆಫ್ ಮಾಡ್ತೀಯೋ ಇಲ್ವೋ?"

ಪಟಾಕಿ ಪುಸ್ತಕವನ್ನು ಟಪ್ಪೆಂದು ಮುಚ್ಚಿದಳು. ಮನೆಯವರು ಅವಳನ್ನು ಕರೆಯುವುದೇ ಹಾಗೆ. ಕಿಡಿ ತಾಗಿದರೆ ಸಾಕು, ಸಿಡಿಯುತ್ತಾಳೆ. ನಾಳೆ ಕ್ವಿಜ್ ಫೈನಲ್. ಕಳೆದ ವರ್ಷ ಒಂದೇ ಪ್ರಶ್ನೆಯಲ್ಲಿ ಸೋತು ಇಡೀ ಕ್ಲಾಸಿನ ಮುಂದೆ ಅತ್ತಿದ್ದಳು. ಈ ಸಲ ಗೆದ್ದೇ ಗೆಲ್ಲಬೇಕೆಂದು ಹಟ ಹಿಡಿದು ಕೂತರೆ, ತಲೆಗೆ ಹತ್ತುತ್ತಿದ್ದದ್ದು ಅಜ್ಜನ ಹಾಡು.

ಅದು ಹಾಡು ಕೇಳಲೆಂದೇ ಮಾಡಿದ ಹಳೇ ಫೋನು. ಪಕ್ಕದಲ್ಲಿ ಹಾಡಿನ ಬಟನ್‌ಗಳು, ಹಿಂದೆ ದೊಡ್ಡ ಸ್ಪೀಕರ್. ಅಜ್ಜಿಯ ಕಣ್ಣು ತೋರಿಸಲೆಂದು ಅವರಿಬ್ಬರೂ ಇಲ್ಲಿಗೆ ಬಂದಾಗಿನಿಂದ ಅದು ಬಾಯಿ ಮುಚ್ಚಿರಲಿಲ್ಲ. ಅಜ್ಜ ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಹಿತ್ತಲಿಗೆ ಹೋದರೆ ಹಿತ್ತಲಲ್ಲಿ ಹಾಡು, ಮಹಡಿಗೆ ಹೋದರೆ ಮಹಡಿಯಲ್ಲಿ ಹಾಡು.

"ಇಯರ್‌ಫೋನ್ ಕೊಟ್ಟೆ ತಾನೆ? ಹಾಕ್ಕೊಂಡ್ರೆ ಏನಾಗುತ್ತೆ ನಿಂಗೆ?"

ಅಜ್ಜ ಸೌಂಡ್ ಒಂಚೂರು ತಗ್ಗಿಸಿದರು, ಅಷ್ಟೇ. ಬಟ್ಟೆ ಗಿರಣಿಯ ಗದ್ದಲದಲ್ಲಿ ಕೈಸನ್ನೆಯಲ್ಲೇ ಕೆಲಸ ಮಾಡಿ ಬಂದವರು. ಅವರಿಂದ ಒಂದು ಮಾತು ಹೊರಡಿಸುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು.

ಪಟಾಕಿಗೆ ಮೈಯೆಲ್ಲ ಉರಿಯಿತು. ಅಜ್ಜ ಫೋನನ್ನು ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋದದ್ದೇ ತಡ, ಹಿಂದಿನ ಮುಚ್ಚಳ ತೆಗೆದು, ಹಾಡುಗಳಿದ್ದ ಮೆಮೊರಿ ಕಾರ್ಡನ್ನು ಕಿತ್ತು ಕಂಪಾಸ್ ಬಾಕ್ಸಿಗೆ ಹಾಕಿದಳು.

"ಈಗ ಹಾಡು, ನೋಡೋಣ" ಎಂದು ಫೋನಿಗೇ ಗದರಿದಳು.

ಅಜ್ಜ ಬಂದು ಬಟನ್ ಒತ್ತಿದರು. ಮತ್ತೆ ಒತ್ತಿದರು. ಫೋನನ್ನು ಅಂಗೈಗೆ ತಟ್ಟಿ ನೋಡಿ, ಚಪ್ಪಲಿ ಮೆಟ್ಟಿ ರಿಪೇರಿ ಅಂಗಡಿಯತ್ತ ಹೊರಟರು.

ಸದ್ಯ, ಮನೆ ತಣ್ಣಗಾಯಿತು. ಪಟಾಕಿ ಎರಡು ಪುಟ ಓದಿದಳು.

"ರೀ... ಎಲ್ಲಿದ್ದೀರಿ?" ಅಜ್ಜಿ ಕೋಣೆಯಿಂದ ಕರೆದರು. "ರೀ, ನಿಮ್ಮನ್ನೇ ಕೇಳ್ತಿರೋದು."

ಗೋಡೆ ಸವರುತ್ತಾ ಅವರು ಹೊರಗೆ ಬಂದರು. ಅಜ್ಜನ ಕುರ್ಚಿಯನ್ನು ತಡವಿದರು. ಖಾಲಿ. ಕೈ ತಾಗಿ ನೀರಿನ ಜಗ್ಗು ಉರುಳಿತು.

"ಲೈಟ್ ಹಾಕ್ಲಾ ಅಜ್ಜಿ?"

"ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಕಣೆ. ಎಲ್ಲಾ ಬರೀ ಮಂಜು. ಈ ಮನುಷ್ಯ ಎಲ್ಲಿ ಹಾಳಾಗಿ ಹೋದ್ರು? ಬಾಯಿ ಬಿಟ್ಟು ಹೇಳಿ ಹೋಗೋರಲ್ಲ. ಅದಕ್ಕೇ ಜಗಳ ಆಡಿ ಆ ಫೋನ್ ಜೇಬಲ್ಲಿ ಇಡಿಸಿದ್ದು. ಈಗ ಅದರ ಹಾಡೂ ಕೇಳ್ತಿಲ್ಲ."

ಪಟಾಕಿ ಬಟ್ಟೆ ತಂದು ನೀರು ಒರೆಸಿದಳು.

ಅಜ್ಜ ಒಳಗೆ ಕಾಲಿಟ್ಟದ್ದೇ, ಅಜ್ಜಿ ಅವರ ತೋಳು ಹಿಡಿದು ಬೈದರು. ಬೈಯುತ್ತಲೇ ಇದ್ದರು. ತೋಳು ಮಾತ್ರ ಬಿಡಲಿಲ್ಲ.

"ಕೆಟ್ಟಿದೆ" ಎಂದರು ಅಜ್ಜ. "ಅಂಗಡಿ ಮುಚ್ಚಿತ್ತು."

"ಕೆಟ್ಟಿಲ್ಲ ಅಜ್ಜ." ಪಟಾಕಿ ಕಂಪಾಸ್ ಬಾಕ್ಸ್ ತೆರೆದಳು. "ನಾನೇ ತೆಗ್ದಿದ್ದು."

ಅಜ್ಜ ಅವಳನ್ನೇ ನೋಡಿ ಕೈ ಚಾಚಿದರು. ಒಂದೇ ಒಂದು ಮಾತು ಬೈದಿದ್ದರೂ ಚೆನ್ನಾಗಿತ್ತು. ಅಜ್ಜಿ ಮಾತ್ರ, "ಪಟಾಕಿ ಅಂತ ಸುಮ್ನೆ ಕರೀತಾರಾ ನಿನ್ನ" ಎಂದು ಸಿಡುಕಿದರು.

ಮತ್ತೆ ಹಾಡು ಶುರುವಾಯಿತು. ಹಿತ್ತಲಿಗೆ ಹೋಯಿತು, ಅಲ್ಲಿಂದ ಮೆಟ್ಟಿಲು ಹತ್ತಿತು. ಪುಸ್ತಕದಿಂದ ತಲೆಯೆತ್ತದೆಯೇ ಪಟಾಕಿಗೆ ಅಜ್ಜ ಎಲ್ಲಿದ್ದಾರೆಂದು ತಿಳಿಯುತ್ತಿತ್ತು.

ಬಾಯಾರಿ ಎದ್ದಳು. ಅಜ್ಜಿಯ ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಆಮೇಲೆ ಕ್ವಿಜ್ಜಿನ ಉತ್ತರಗಳನ್ನು ಜೋರಾಗಿ ಹೇಳುತ್ತಾ ಅಡುಗೆಮನೆಗೆ ನಡೆದಳು.

"ಅಡುಗೆಮನೇಲಿದ್ದೀಯಾ?" ಅಜ್ಜಿ ಕೂಗಿದರು. "ಹಾಗೇ ನಂಗೂ ಒಂದು ಲೋಟ ನೀರು ತಾ."